ಎರಡನೇ ಪಂಕ್ತಿಯ ಆಮೆಗಳು

1998ರ ಫೆಬ್ರುವರಿ 12, ಗುರುವಾರ, ಸಂಜೆ ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ನಾನು ಆ ಊರಿನ ಪೇಟೆಬೀದಿಯ ನಟ್ಟನಡುವೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದೆ. ಎರಡೂ ಬದಿಯ ಕಟ್ಟೆಗಳ ಮೇಲೆ ಕೂತ ಮಂದಿ ನನ್ನ ಕಾಲನ್ನೇ ನೋಡಿ ನಗುತ್ತಿದ್ದರು. ಹೊಳೆಯ ಮೆಟ್ಟಿಲು ಹತ್ತಿದ ನೀರು ಕಿರಾಣಿ ಅಂಗಡಿ ದಾಟಿ, ಅಂಚೆಡಬ್ಬಿಯ ಬುಡ ಸುತ್ತಿ, ಯಾವ ಗಡಿಬಿಡಿಯೂ ಇಲ್ಲದೆ ನನ್ನತ್ತ ಬರುತ್ತಿತ್ತು.

“ಬಾಯಾರ, ಬೂಟು ಯಾಕ್ರೀ? ನಮ್ಮ ನೀರು ತೋಯಿಸೂದಿಲ್ರೀ,” ಎಂದಳೊಬ್ಬ ಹೆಂಗಸು. ತಲೆಯ ಮೇಲೆ ಬಿಸಿ ಮಿರ್ಚಿ ಬಜ್ಜಿಯ ಅಗಲ ಪರಾತ ಹೊತ್ತು ಅದೇ ನೀರಿನಲ್ಲಿ ನಡೆದು ಬರುತ್ತಿದ್ದಳು. ಅವಳ ಸೀರೆಯ ಅಂಚು ನೀರಿನೊಳಗೆ ತೇಲುತ್ತಿತ್ತು. ಕಟ್ಟೆ ಹತ್ತಿ ನಿಂತಾಗ ಗರಿಗರಿಯಾಗಿಯೇ ಇತ್ತು.

ನಾನು ಬಗ್ಗಿ ಕರವಸ್ತ್ರವನ್ನು ನೀರಿಗೆ ಅದ್ದಿ ತೆಗೆದೆ. ಇಸ್ತ್ರಿಯ ಗೆರೆ ಕೂಡ ಕೆಟ್ಟಿರಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಇಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಪುಸ್ತಕ ತೆಗೆದು ‘ಕರವಸ್ತ್ರ: ಒಣ’ ಎಂದು ಬರೆದು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಕಟ್ಟೆಯ ಮೇಲಿನ ಮಂದಿ ಚಪ್ಪಾಳೆ ತಟ್ಟಿದರು.

ಸಂಜೆನೀರು ದಿನಾ ನಾಲ್ಕಕ್ಕೆ ಬಂದು ಐದೂ ಕಾಲಿಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೋ ಅಲ್ಲೇ ಹತ್ತಿರದ ಕಟ್ಟೆ ಹತ್ತಿ ಕೂರುವುದು ಊರಿನ ರೂಢಿ. ಅದು ಯಾರ ಮನೆಯ ಕಟ್ಟೆ ಎಂದು ಕೇಳುವಂತಿರಲಿಲ್ಲ. ಬಸ್ಸಿನ ಡ್ರೈವರು ಬಸ್ಸನ್ನು ಇದ್ದಲ್ಲೇ ನಿಲ್ಲಿಸಿ, ಯಾರದೋ ಮನೆಯ ಚಹಾ ಕುಡಿದು, ನೀರು ಹೋದ ಮೇಲೆ ಹೊರಡುತ್ತಿದ್ದ. ಕ್ಷೌರಿಕ ಅರ್ಧ ಗಡ್ಡ ಮುಗಿಸಿದ ಗಿರಾಕಿಯ ಕುರ್ಚಿಯನ್ನು ಸನ್ನೆಕೋಲು ಒತ್ತಿ ಮೇಲೇರಿಸುತ್ತಿದ್ದ. ಮಾತು ಬಿಟ್ಟ ಅಣ್ಣತಮ್ಮಂದಿರು ಮೂರೂವರೆಗೇ ಎಚ್ಚರಾಗಿ ಬೇರೆಬೇರೆ ಓಣಿ ಹಿಡಿಯುತ್ತಿದ್ದರು. ಆದರೂ ವರ್ಷಕ್ಕೊಮ್ಮೆಯಾದರೂ ಒಂದೇ ಕಟ್ಟೆಯಲ್ಲಿ ಸಿಕ್ಕಿಬಿದ್ದು, ನಡುವೆ ಒಂದು ಪರಾತ ಮಿರ್ಚಿ ಬಂದಮೇಲೆ ರಾಜಿಯಾಗುತ್ತಿದ್ದರು.

ನೀರಿನ ಜೊತೆ ಆಮೆಗಳು ಬರುತ್ತಿದ್ದವು. ಕಪ್ಪು ಬೆನ್ನು, ತಟ್ಟೆಯಷ್ಟು ಅಗಲ, ಅವಸರವೆಂದರೇನೆಂದು ಗೊತ್ತಿಲ್ಲದ ಹೊಳೆ ಆಮೆಗಳು. ಅವು ಕಾಯಿಪಲ್ಲೆ ಅಂಗಡಿಯ ಸಿಪ್ಪೆ, ಕಟ್ಟೆಯಿಂದ ಬಿದ್ದ ಸೊಪ್ಪಿನ ದಂಟು ತಿಂದು ನೀರಿನೊಂದಿಗೇ ಮರಳುತ್ತಿದ್ದವು. ಒಂದೊಂದು ಹಿಂದುಳಿದರೆ, ಯಾರ ಬಾಗಿಲ ಮುಂದೆ ಉಳಿಯಿತೋ ಆ ಮನೆಯ ಅತಿಥಿ ಅದು. ಬಚ್ಚಲುಮನೆಯಲ್ಲಿ ಇರಿಸಿ, ಮೆಂತ್ಯ ಸೊಪ್ಪು ಕೊಟ್ಟು, ಮರುದಿನ ನಾಲ್ಕು ಗಂಟೆಗೆ ನೀರಿಗೆ ಒಪ್ಪಿಸಿ ‘ಹೋಗಿ ಬರ್ರಿ’ ಎನ್ನಬೇಕು.

ನಾನು ಹೋಗಿದ್ದು ಈ ಆಮೆಗಳನ್ನು ಎಣಿಸಲಿಕ್ಕೆ. ಹೊಳೆಯ ಮೆಟ್ಟಿಲಿಗೆ ಉಕ್ಕಿನ ಬಾಗಿಲು ಹಾಕಿ ಸಂಜೆನೀರನ್ನು ತಡೆಯಬೇಕೆಂದು ನಾಲಾ ಸಮಿತಿ ಯೋಚಿಸಿತ್ತು. ಹಾಗಾದರೆ ಪೇಟೆಯ ಹೊಸ ಗೋದಾಮಿಗೆ ಲಾರಿಗಳು ಸಂಜೆಯೂ ಬರಬಹುದು. ಸಮಿತಿಯ ಕಾರ್ಯದರ್ಶಿ ಇನಾಂದಾರರು ಕೆಟ್ಟವರೇನಲ್ಲ. ನನ್ನನ್ನು ಕೂರಿಸಿ, ಎಲೆ ಅಡಿಕೆ ಮುಂದಿಟ್ಟು ಹೇಳಿದರು:

“ನೋಡ್ರಿ, ಆಮೆ ಮುನ್ನೂರು ಇದ್ದರ ಬಾಗಲಾ ಹಾಕೂದಿಲ್ಲ ಅಂತ ನಮ್ಮ ನಿಯಮನ ಅದ. ಆದರ ನನಗ ಅಂದಾಜು ಬ್ಯಾಡ. ಇದಕ್ಕಿಂತ ಕಡಿಮಿ ಇರಾಕ ಸಾಧ್ಯಿಲ್ಲ ಅಂತ ನೂರಕ್ಕ ತೊಂಬತ್ತೈದು ಪಾಲು ಧೈರ್ಯದಿಂದ ನೀವು ಹೇಳೂ ಸಂಖ್ಯೆ ಬೇಕು. ಅದಕ್ಕ ನೀವು ಏನಂತೀರಿ?”

“ಕೆಳಮಿತಿ,” ಎಂದೆ.

“ಹಾಂ, ಅದು. ಅದು ಮುನ್ನೂರು ಮುಟ್ಟಲಿ. ತಿಂಗಳ ಕೊನೆಯೊಳಗ.”

ಆಮೆಗಳನ್ನು ಒಂದೊಂದಾಗಿ ಎಣಿಸಲಾಗುವುದಿಲ್ಲ. ಎಲ್ಲ ಒಂದೇ ಥರ, ಎಲ್ಲವೂ ತಿರುಗಾಡುವಂಥವು. ಹಾಗಾಗಿ ನಾವು ಮಾಡುವುದು ಇಷ್ಟೇ: ಒಂದು ದಿನ ಕೈಗೆ ಸಿಕ್ಕಷ್ಟನ್ನು ಹಿಡಿದು, ಬೆನ್ನಿನ ಅಂಚಿಗೆ ಗುರುತು ಹಾಕಿ ಬಿಡುವುದು. ಅವು ಉಳಿದವುಗಳ ಜೊತೆ ಬೆರೆಯಲು ಕೆಲವು ದಿನ ಬಿಟ್ಟು ಮತ್ತೆ ಹಿಡಿಯುವುದು. ಎರಡನೇ ಸಲ ಸಿಕ್ಕವುಗಳಲ್ಲಿ ಗುರುತಿನವು ಕಡಿಮೆಯಿದ್ದಷ್ಟೂ ಆ ನೀರಿನಲ್ಲಿ ಆಮೆ ಹೆಚ್ಚು.

ನನಗೆ ಉಳಿಯಲು ಜಾಗ ಕೊಟ್ಟವಳು ಆ ಮಿರ್ಚಿಯ ಹೆಂಗಸೇ, ನೀಲಗಂಗವ್ವ. ಐವತ್ತು ದಾಟಿದವಳು, ಒಂಟಿ ಜೀವ. ಸಂಜೆನೀರಿನ ಹೊತ್ತಿನಲ್ಲಿ ಕಟ್ಟೆಯಿಂದ ಕಟ್ಟೆಗೆ ಮಿರ್ಚಿ, ಮಂಡಕ್ಕಿಯ ಗಿರಮಿಟ್ಟು ಮಾರುವುದೇ ಅವಳ ಬದುಕು. “ಬಾಗಲಾ ಹಾಕಿದ್ರ ಮಂದಿ ನಿಲ್ಲೂದಿಲ್ಲ. ನಿಲ್ಲದ ಮಂದಿ ಮಿರ್ಚಿ ತಿನ್ನೂದಿಲ್ಲ. ಮತ್ತ ನಾ ಏನ್ ಮಾಡ್ಲಿ, ಲಾರಿ ಹಿಂದ ಓಡ್ಲೇನು?” ಎಂದು ಕೇಳಿದ್ದಳು. ಎಣಿಸುವವರು ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು; ಕೊಟ್ಟರೆ ಎಣಿಕೆ ಆ ಕಡೆಗೆ ವಾಲುತ್ತದೆ.

ಯಾವ ಕಟ್ಟೆಗಳಲ್ಲಿ ಹಿಡಿಯಬೇಕೆಂದು ಚೀಟಿ ಎತ್ತಿದೆ. ನನಗೆ ಅನುಕೂಲವಾದ ಕಡೆ ಮಾತ್ರ ಹಿಡಿದರೆ ಲೆಕ್ಕ ಸುಳ್ಳಾಗುತ್ತದೆ. ಚೀಟಿ ಬಾರದ ಮನೆಯವರು ಮುನಿಸಿಕೊಂಡರು. ಬಳೆ ಅಂಗಡಿಯ ದಸ್ತಗೀರ್ ಸಾಹೇಬರಂತೂ, “ನಮ್ಮ ಕಟ್ಟಿ ಏನ್ ಪಾಪ ಮಾಡ್ಯದ್ರೀ ಬಾಯಾರ? ನಮ್ಮಲ್ಲಿ ಬರೂ ಆಮಿ ಆಮಿ ಅಲ್ಲೇನು?” ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದರು. ಅಂತೂ ಮೊದಲ ಸಂಜೆ ಚೀಟಿ ಬಿದ್ದ ಕಟ್ಟೆಯವರ ಬುಟ್ಟಿಗಳಲ್ಲಿ ತೊಂಬತ್ತಾರು ಆಮೆ ಸಿಕ್ಕವು. ಒಂದೊಂದರ ಬೆನ್ನಂಚಿಗೂ ವಿಷವಿಲ್ಲದ ಬಿಳಿ ಬಣ್ಣದ ಒಂದು ಬೊಟ್ಟು ಇಟ್ಟು ಬಿಟ್ಟೆ. ಬಣ್ಣದ ಡಬ್ಬಿಯನ್ನು ನೀಲಗಂಗವ್ವನ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟು, ಹೊಳೆಯ ಮೇಲ್ದಂಡೆಯಲ್ಲಿ ಮೊಟ್ಟೆಯ ಗುಂಡಿ ನೋಡಲು ನಾಲ್ಕು ದಿನ ಹೋದೆ.

ಮರಳಿ ಬಂದು ಎರಡನೇ ಸಲ ಹಿಡಿದಾಗ ಎಂಬತ್ತೆಂಟು ಸಿಕ್ಕವು. ಬುಟ್ಟಿಯಿಂದ ಬುಟ್ಟಿಗೆ ಹೋಗಿ ಎರಡೆರಡು ಸಲ ನೋಡಿದೆ. ಎಂಬತ್ತೈದರ ಬೆನ್ನಿಗೆ ಬಿಳಿ ಬೊಟ್ಟಿತ್ತು. ಲೆಕ್ಕದ ಪ್ರಕಾರ ಇದರ ಅರ್ಥ ಒಂದೇ: ಊರಿನಲ್ಲಿರುವುದು ಹೆಚ್ಚೆಂದರೆ ನೂರು ಆಮೆ, ಬಹುತೇಕ ಎಲ್ಲವನ್ನೂ ನಾನು ಮೊದಲ ದಿನವೇ ಹಿಡಿದುಬಿಟ್ಟಿದ್ದೆ. ಆದರೆ ನನ್ನ ಕಣ್ಣೆದುರಿಗೇ ಬೀದಿಯ ತುಂಬ ಆಮೆಗಳಿದ್ದವು. ಮತ್ತು ಕಂಡ ಕಂಡ ಬೆನ್ನಿಗೆಲ್ಲ ಬೊಟ್ಟು.

ಬಣ್ಣದ ಡಬ್ಬಿ ನೋಡೋಣವೆಂದು ಮಾಡಕ್ಕೆ ಕೈ ಹಾಕಿದೆ. ಡಬ್ಬಿ ಹಗುರಾಗಿ ಮೇಲೆದ್ದು ಬಂತು. ಒಳಗೆ ಒಂದು ತೊಟ್ಟೂ ಇರಲಿಲ್ಲ.

“ಅವ್ವಾ, ಈ ಬಣ್ಣ ಏನಾಯಿತು?”

ನೀಲಗಂಗವ್ವ ಒಲೆಯ ಮುಂದೆ ಹಿಟ್ಟು ಕಲಸುತ್ತ ತಿರುಗಿಯೂ ನೋಡಲಿಲ್ಲ. “ಹಚ್ಚೇವಲ್ರೀ, ಎಲ್ಲಾದಕ್ಕೂ. ಓಣಿ ಮಂದಿ ಕೂಡಿ ಮೂರು ಸಂಜಿ ಹಚ್ಚೇವಿ. ನಿಮ್ಮಂಗ ಬೆನ್ನಂಚಿಗೇ ಇಟ್ಟೇವಿ, ತಪ್ಪಿಲ್ಲ.”

“ಯಾಕೆ?”

ಈಗ ಅವಳು ತಿರುಗಿದಳು. ನಾನು ಕೇಳಬಾರದ್ದನ್ನು ಕೇಳಿದಂತೆ ನೋಡಿದಳು. “ಯಾಕಂದ್ರ? ಒಂದಿಷ್ಟಕ್ಕ ಹಚ್ಚಿದ್ರಿ, ಉಳದದ್ದಕ್ಕ ಬಿಟ್ರಿ. ಅವು ಬೋಳು ಬೆನ್ನಿಲೆ ಕಟ್ಟಿ ಮುಂದ ಬಂದು ನಮ್ಮ ಮಾರಿ ನೋಡ್ತಾವ. ಮನಿಗೆ ಬಂದಾವ್ರಿಗೆ ಪಂಕ್ತಿಭೇದ ಮಾಡ್ತಾರೇನ್ರೀ? ಒಬ್ಬರ ಎಲಿಗೆ ಹೋಳಿಗಿ ಹಾಕಿ, ಬಾಜೂದಾವ್ರ ಎಲಿಗೆ ಉಪ್ಪೂ ಹಾಕದ ಹೋದಂಗ ಆತಲ್ಲ ಅದು! ನೀವು ಕಲತವರು, ಮರತಿರಬೇಕು ಅಂತ ನಾವ ಮಾಡಿ ಮುಗಿಸಿದ್ವಿ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವರು ಬಣ್ಣ ಹಚ್ಚಿದಷ್ಟೂ ನನ್ನ ಲೆಕ್ಕದಲ್ಲಿ ಊರಿನ ಆಮೆಗಳು ಕಡಿಮೆಯಾಗುತ್ತ ಹೋಗಿದ್ದವು. ಇನ್ನೊಂದು ಡಬ್ಬಿ ಇದ್ದಿದ್ದರೆ ಉಳಿದ ಮೂರನ್ನೂ ಮುಗಿಸಿಬಿಡುತ್ತಿದ್ದರು. ಇದನ್ನು ಹೇಳಿದಾಗ ನೀಲಗಂಗವ್ವನ ಹಿಟ್ಟಿನ ಕೈ ಹಾಗೇ ನಿಂತಿತು.

“ಅಂದ್ರ ನಮ್ಮ ಕೈಲೇ ನಾವು ಬಾಗಲಾ ಹಾಕ್ಕೊಂಡ್ವೇನು?”

“ತಿಂಗಳು ಮುಗಿಯಲು ಇನ್ನೂ ದಿನವಿದೆ. ಬೇರೆ ಬಣ್ಣದಲ್ಲಿ ಮೊದಲಿಂದ ಶುರು ಮಾಡಬಹುದು. ಆದರೆ ಈ ಸಲ ನಾನು ಬಣ್ಣ ಹಚ್ಚದೆ ಬಿಟ್ಟದ್ದನ್ನು ಯಾರೂ ಮುಟ್ಟಬಾರದು.”

“ಅದು ಆಗೂದಿಲ್ಲ ಬಿಡ್ರಿ,” ಎಂದಳು ಖಡಾಖಂಡಿತವಾಗಿ. “ನಾ ತಡಕೊಂಡ್ರೂ ಓಣಿ ತಡಕೊಳ್ಳೂದಿಲ್ಲ.”

ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಪರಿಹಾರ ಇಲ್ಲ. ಮರುದಿನ ಸಂಜೆನೀರಿನ ಹೊತ್ತಿಗೆ ದಸ್ತಗೀರ್ ಸಾಹೇಬರ ಕಟ್ಟೆಯ ಮೇಲೆ ಸಿಕ್ಕಿಬಿದ್ದಿದ್ದೆ. ಸುತ್ತಲ ಕಟ್ಟೆಗಳವರೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ದೊಡ್ಡ ಮದುವೆಯಲ್ಲಿ ಬಂದವರೆಲ್ಲ ಒಟ್ಟಿಗೆ ಕೂರುತ್ತಾರೆಯೇ? ಮೊದಲ ಪಂಕ್ತಿ, ಎರಡನೇ ಪಂಕ್ತಿ ಅಂತ ಕೂರಿಸುವುದಿಲ್ಲವೇ? ಎರಡನೇ ಪಂಕ್ತಿಗೆ ಕಾಯುವವರು ಅಂಗಳದಲ್ಲಿ ನಿಂತಿರುತ್ತಾರೆ. ಅವರಿಗೆ ನಿಂತಲ್ಲೇ ಯಾರಾದರೂ ಬಡಿಸುತ್ತಾರೆಯೇ?”

“ನಿಂತಲ್ಲೇ ಬಡಸಿದ್ರ ಅವಮಾನ ಆಗ್ತದ,” ಎಂದರು ಸಾಹೇಬರು.

“ಹಾಗೇ ಇದು. ಐದು ಸಂಜೆ ಐದು ಪಂಕ್ತಿ. ಒಂದೊಂದಕ್ಕೆ ಒಂದೊಂದು ಬಣ್ಣ, ಹಳೆಯ ಬಿಳಿ ಲೆಕ್ಕಕ್ಕಿಲ್ಲ. ಅಂದು ಚೀಟಿ ಬಿದ್ದ ಕಟ್ಟೆಗಳಿಗೆ ಯಾರು ಬಂದರೋ ಅವರಿಗೆ ಅಂದಿನ ಬಣ್ಣ. ಬಾರದವರು ಮುಂದಿನ ಪಂಕ್ತಿಗೆ. ಎರಡು ಸಲ ಬಂದರೆ ಎರಡು ಬಣ್ಣ. ಯಾರಿಗೂ ಭೇದವಿಲ್ಲ.”

ಕಟ್ಟೆಗಳ ಮೇಲೆ ಗುಸುಗುಸು ಎದ್ದಿತು. ಇದು ಶಾಸ್ತ್ರಕ್ಕೆ ಸರಿಯಾಗಿ ಕಂಡಿತ್ತು. ನೀಲಗಂಗವ್ವ ಮಾತ್ರ ನೀರಿನ ನಡುವೆ ಪರಾತ ಹೊತ್ತು ನಿಂತಿದ್ದವಳು ಕೇಳಿದಳು: “ಐದೂ ಪಂಕ್ತಿ ಎದ್ದ ಮ್ಯಾಲೂ ಊಟ ಸಿಗದಾವು ಉಳದ್ರ?”

“ಉಳಿಯುತ್ತವೆ, ಅವ್ವ. ನನಗೆ ಬೇಕಾದವೂ ಅವೇ. ಬಂದು ಹೋದವನ್ನು ಯಾರಾದರೂ ಎಣಿಸಬಹುದು. ಒಮ್ಮೆಯೂ ಬಾರದವು ಎಷ್ಟಿವೆ ಅಂತ ಹೇಳುವುದೇ ನನ್ನ ವಿದ್ಯೆ.”

ಅವಳು ತಲೆಯ ಮೇಲಿನ ಪರಾತವನ್ನು ಇಳಿಸಿ ಹಿಡಿದಳು. “ಬರದಾವ್ರನ್ನೂ ಲೆಕ್ಕಕ್ಕ ಹಿಡೀತೀರಿ ಅಂದ್ರ ನೀವು ನಮ್ಮವರ ಬಿಡ್ರಿ,” ಎಂದು, ಒಂದು ಮಿರ್ಚಿಯನ್ನು ನನ್ನ ಕೈಗಿಟ್ಟು ಮುಂದೆ ನಡೆದಳು.

ಬಣ್ಣದ ಚಿಂತೆಯನ್ನು ಸಾಹೇಬರು ಬಗೆಹರಿಸಿದರು. “ನನ್ನ ಅಂಗಡ್ಯಾಗ ಉಗರಿಗೆ ಹಚ್ಚೂ ಪಾಲಿಶ್ ಹದಿನಾರು ನಮೂನಿ ಅದಾವ. ಹಚ್ಚಿದ್ರ ತಿಂಗಳು ಹೋಗೂದಿಲ್ಲ. ನಮ್ಮ ಬೀಗತಿ ಮದುವ್ಯಾಗ ಹಚ್ಚಿದ್ದು ಇನ್ನೂ ಹಾಂಗ ಅದ.” ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟರು ಸಣ್ಣ ಪ್ರಾಣಿಗಳಿಗೆ ಗುರುತು ಹಾಕುತ್ತಿದ್ದುದೂ ಉಗುರುಬಣ್ಣದಿಂದಲೇ. ಹಾಗಾಗಿ ಮೊದಲ ಪಂಕ್ತಿಗೆ ಕೆಂಪು, ಎರಡನೆಯದಕ್ಕೆ ನೇರಳೆ, ಮೂರಕ್ಕೆ ಗುಲಾಬಿ, ನಾಲ್ಕಕ್ಕೆ ಕಿತ್ತಳೆ, ಐದಕ್ಕೆ ಬಂಗಾರ. ಬಂಗಾರವನ್ನು ಕೊನೆಗೆ ಇಡಬೇಕೆಂದು ಓಣಿಯ ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದರು. ಕೊನೆಯ ಪಂಕ್ತಿಯವರಿಗೆ ಬೇಸರವಾಗಬಾರದಲ್ಲ.

ಕಷ್ಟವೇನೂ ತಪ್ಪಲಿಲ್ಲ. ಮೂರನೇ ಸಂಜೆ ನೀಲಗಂಗವ್ವನ ಕಟ್ಟೆಗೆ ಚೀಟಿ ಬಿದ್ದಿರಲಿಲ್ಲ. ಅಂದೇ ಒಂದು ಬಣ್ಣವಿಲ್ಲದ ಆಮೆ ಬಂದು, ಅವಳ ಮೆಟ್ಟಿಲಿಗೆ ಮೂಗು ತಾಗಿಸಿ ತಲೆಯೆತ್ತಿ ನಿಂತಿತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ಮೆಲ್ಲಗೆ ಒಂದು ಹಿಡಿ ಮೆಂತ್ಯ ಸೊಪ್ಪು ಎತ್ತಿದಳು.

“ಅದೂ ಬೇಡ, ಅವ್ವ. ಒಂದಕ್ಕೆ ವಿಶೇಷವಾಗಿ ಹಾಕಿದರೆ ಅದು ದಿನಾ ಇಲ್ಲಿಗೇ ಬರುತ್ತದೆ. ಆಗ ಮತ್ತೆ ಮತ್ತೆ ಅದೇ ಸಿಗುತ್ತದೆ.”

“ಬಣ್ಣಾನೂ ಇಲ್ಲ, ಊಟಾನೂ ಇಲ್ಲ! ಎಂಥಾ ಬಿರುಸು ಶಾಸ್ತ್ರರೀ ನಿಮ್ಮದು!” ಎಂದು ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು, ಆಮೆಗೆ ಬೆನ್ನು ತಿರುಗಿಸಿ ಕೂತಳು. ಸ್ವಲ್ಪ ಹೊತ್ತಿಗೆ ಆಮೆಯೂ ತಿರುಗಿ ಹೋಯಿತು.

ನಾಲ್ಕು ಪಂಕ್ತಿ ಎದ್ದ ಮೇಲೆ ಲೆಕ್ಕ ಹಾಕಿದೆ. ಅಂದಾಜು ಮುನ್ನೂರ ನಲವತ್ತು ಬಂತು. ಕೆಳಮಿತಿ ಇನ್ನೂರ ಎಪ್ಪತ್ತನಾಲ್ಕು.

“ಮುನ್ನೂರ ನಲವತ್ತು ಅದಾವಲ್ಲ ಮತ್ತ!” ಎಂದು ಸಾಹೇಬರು ಕೂಗಾಡಿದರು.

“ಇರಬಹುದು. ಆದರೆ ನಾನು ಧೈರ್ಯದಿಂದ ಹೇಳಬಲ್ಲದ್ದು ಇಷ್ಟೇ.”

“ಇಪ್ಪತ್ತಾರು ಕಮ್ಮಿ. ಮ್ಯಾಲಿನ ಮಡುವಿನಿಂದ ಇಪ್ಪತ್ತಾರು ಹಿಡಕೊಂಡು ಬಂದ್ರ? ಎರಡು ಚೀಲ ಸಾಕು.”

“ಸಾಹೇಬರೇ, ಹಾಗೆ ಮಾಡಿದರೆ ನಾಳೆಯೇ ನಾನು ಊರು ಬಿಡುತ್ತೇನೆ.”

ಅವರು ಕಿವಿ ಮುಟ್ಟಿಕೊಂಡರು. ನಾನು ಎಲ್ಲರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಇನ್ನೊಂದು ಪಂಕ್ತಿ ಕೂತರೆ ನನ್ನ ಧೈರ್ಯ ಹೆಚ್ಚುತ್ತದೆ, ಕೆಳಮಿತಿ ಅಂದಾಜಿನ ಹತ್ತಿರ ಬರುತ್ತದೆ. ಆದರೆ ಅಂದಾಜೇ ಕೆಳಗಿಳಿದರೆ ಎಲ್ಲವೂ ಇಳಿಯುತ್ತದೆ. ಬಣ್ಣವಿರುವವು ಜಾಸ್ತಿ ಬಂದರೆ ಸೋತೆವು. ಬಣ್ಣವಿಲ್ಲದವು ಜಾಸ್ತಿ ಬಂದರೆ ಗೆದ್ದೆವು.

ಫೆಬ್ರುವರಿ ಕೊನೆಯ ದಿನ ಐದನೇ ಪಂಕ್ತಿ. ಇನಾಂದಾರರು ಖುದ್ದಾಗಿ ನೋಡಲು ಬಂದರು. ಬಂದವರು ನಾಲ್ಕು ಗಂಟೆಗೆ ಸರಿಯಾಗಿ ಬೀದಿಯ ನಡುವೆಯೇ ಇದ್ದುದರಿಂದ ಎಲ್ಲರಂತೆ ಹತ್ತಿರದ ಕಟ್ಟೆ ಹತ್ತಬೇಕಾಯಿತು. ಅದು ನೀಲಗಂಗವ್ವನದು, ಅಂದು ಚೀಟಿಯೂ ಬಿದ್ದಿತ್ತು. ಅವಳು ಅವರ ಮುಂದೆ ಒಂದು ತಟ್ಟೆ ಗಿರಮಿಟ್ಟು ಇಟ್ಟಳು. ಅವರು ಮೊದಲು ಬೇಡವೆಂದರು, ಆಮೇಲೆ ಇನ್ನೊಂದು ತಟ್ಟೆ ಕೇಳಿದರು, ಕೊನೆಗೆ ಜೇಬಿನಿಂದ ಎಲೆ ಅಡಿಕೆ ತೆಗೆದು ಗೋಡೆಗೆ ಒರಗಿದರು.

ಬೀದಿಯಲ್ಲಿ ಅಂಥ ಗದ್ದಲ ನಾನು ಕೇಳಿರಲಿಲ್ಲ. ಎರಡು ವಾರದ ಹಿಂದೆ ಬೋಳು ಬೆನ್ನು ಕಂಡು ಮರುಗಿದ ಮಂದಿಯೇ ಈಗ ಒಂದೊಂದು ಬೋಳು ಬೆನ್ನಿಗೂ ಕುಣಿಯುತ್ತಿದ್ದರು. “ಬೋಳು! ಬೋಳು!” ಎಂದು ಒಂದು ಕಟ್ಟೆಯಿಂದ ಕೂಗು. “ಅಯ್ಯೋ, ಗುಲಾಬಿ ಬಂತಲ್ರೋ,” ಎಂದು ಇನ್ನೊಂದರಿಂದ ನಿಟ್ಟುಸಿರು. ಮೂರು ಬಣ್ಣ ಹಚ್ಚಿಕೊಂಡು ನಾಲ್ಕನೆಯದಕ್ಕೂ ಬಂದ ಒಂದು ಆಮೆಯನ್ನು ದಸ್ತಗೀರ್ ಸಾಹೇಬರು ಎತ್ತಿ ಹಿಡಿದು, “ಎಷ್ಟು ಸಲಾ ಉಣ್ತೀಯೋ ಹೊಟ್ಟಿಬಾಕಾ! ಮನ್ಯಾಗ ಅಡಗಿ ಮಾಡೂದಿಲ್ಲೇನು?” ಎಂದು ಬೈದರು. ನಾನು ಕಟ್ಟೆಯಿಂದ ಕಟ್ಟೆಗೆ ನಡೆದು, ಬುಟ್ಟಿ ಬುಟ್ಟಿ ನೋಡಿ, ಬಂಗಾರದ ಬೊಟ್ಟಿಟ್ಟು ಬಿಡುತ್ತ ಬಂದೆ.

ಕೊನೆಯದು ನೀಲಗಂಗವ್ವನ ಕಟ್ಟೆ, ಅವಳ ಬುಟ್ಟಿಯ ಕೊನೆಯ ಆಮೆ. ಹಳೆಯ ಬಿಳಿ ಬೊಟ್ಟು ಬಿಟ್ಟರೆ ಬೋಳು ಎಂದು ಅವಳು ಕೂಗಿಯೂ ಆಗಿತ್ತು. ನಾನು ಬೆಳಕಿಗೆ ತಿರುಗಿಸಿದೆ. ಬೆನ್ನಂಚಿನಲ್ಲಿ ಜೋಳದ ಕಾಳಿನಷ್ಟು ಕೆಂಪಿತ್ತು.

“ಕೆಂಪು ಮೊದಲ ಪಂಕ್ತೀದು,” ಎಂದರು ಇನಾಂದಾರರು, ಮುಂದೆ ಬಾಗಿ. ಅವರ ದನಿಯಲ್ಲಿ ಗೆಲುವೇನೂ ಇರಲಿಲ್ಲ, ಕಂಡದ್ದನ್ನು ಹೇಳಿದ್ದರು.

“ಇಷ್ಟ ಸಣ್ಣದೇನ್ರೀ? ನೀವು ಹಚ್ಚಿದ್ದು ಬಟಾಣಿಯಷ್ಟು ಇರತದ,” ಎಂದಳು ನೀಲಗಂಗವ್ವ.

“ತಿಕ್ಕಿ ಹೋಗಿ ಇಷ್ಟೇ ಉಳಿದಿರಬಹುದು,” ಎಂದೆ ನಾನು. ಹಾಗೆ ಹೇಳುವುದು ಸುಲಭವಾಗಿರಲಿಲ್ಲ.

ಜೇಬಿನಲ್ಲಿ ಕ್ಯಾಲ್ಕುಲೇಟರ್ ಇತ್ತು. ಅದನ್ನು ಮುಟ್ಟಲಿಲ್ಲ. ಇದರ ತೀರ್ಮಾನ ಲೆಕ್ಕಕ್ಕೆ ಮೊದಲೇ ಆಗಬೇಕು. ಯಾವ ಸಂಖ್ಯೆ ಬೇಕೆಂದು ಗೊತ್ತಾದ ಮೇಲೆ ಕಣ್ಣು ತನಗೆ ಬೇಕಾದ ಬಣ್ಣವನ್ನೇ ನೋಡುತ್ತದೆ. ಉಗುರುಬಣ್ಣ ನೀರಿಗೆ ಬಿಡುವುದಿಲ್ಲ, ಬೇರೆ ಕೆಂಪಾದರೆ ಬಿಡುತ್ತದೆ. ಆಮೆಯನ್ನು ಬೀದಿಯ ನೀರಿನಲ್ಲಿ ಅದ್ದಿ ಹೆಬ್ಬೆರಳಿನಿಂದ ತಿಕ್ಕಿದೆ. ಕೆಂಪು ಕದಲಲಿಲ್ಲ. ಇನ್ನೊಮ್ಮೆ ತಿಕ್ಕಿದೆ. ಇಲ್ಲ. ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಬಾಯಾರ,” ಎಂದರು ದಸ್ತಗೀರ್ ಸಾಹೇಬರು ಆಚೆ ಕಟ್ಟೆಯಿಂದ, “ಆ ನೀರಾಗ ಏನೂ ತೋಯೂದಿಲ್ರೀ!”

ಎರಡು ವಾರ ಅದೇ ನೀರಿನಲ್ಲಿ ಒಣಕಾಲಿನಲ್ಲೇ ನಡೆದಾಡಿದವಳು ನಾನು. ನಾಚಿಕೆಯಾಗಲೂ ಪುರಸೊತ್ತಿರಲಿಲ್ಲ. “ಕುಡಿಯುವ ನೀರು ಕೊಡಿ!” ಎಂದೆ. ನೀಲಗಂಗವ್ವ ಕೊಡವನ್ನೇ ಎತ್ತಿಕೊಂಡು ಬಂದಳು. ಒಂದು ಬೊಗಸೆ ಹಾಕಿ ಬೆರಳಾಡಿಸಿದೆ. ಕೆಂಪು ಕರಗಿ, ಕೈಗುಂಟ ಇಳಿದು, ಮೊಣಕೈಯಲ್ಲಿ ತೊಟ್ಟಿಕ್ಕಿತು. ಮೂಸಿದೆ. ಎಲೆ, ಅಡಿಕೆ, ಸುಣ್ಣ, ಕಾಚು.

ಎಲ್ಲರೂ ಇನಾಂದಾರರ ಬಾಯನ್ನೇ ನೋಡಿದರು. ಅವರ ತುಟಿ ಕೆಂಪಗಿತ್ತು. ಅವರು ಕಟ್ಟೆಯ ಅಂಚನ್ನು, ಅದರ ಕೆಳಗಿದ್ದ ಬುಟ್ಟಿಯನ್ನು ನೋಡಿ, ನಿಧಾನಕ್ಕೆ ತಲೆ ತಗ್ಗಿಸಿದರು.

“ಇರ್ಲಿ ಬಿಡ್ರಿ ಇನಾಂದಾರ್ರ,” ಎಂದಳು ನೀಲಗಂಗವ್ವ. “ನಾವೂ ತಿಳೀದ ಹಚ್ಚಿದವರ. ನೀವೂ ನಮ್ಮ ಮಂದಿ ಆದ್ರಿ.”

ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಗು ಹರಿಯಿತು. ಇನಾಂದಾರರು ತಾವೂ ನಕ್ಕು, ತಮ್ಮ ಕರವಸ್ತ್ರವನ್ನು ಕೊಡದ ನೀರಿನಲ್ಲಿ ಅದ್ದಿ ಆ ಆಮೆಯ ಬೆನ್ನನ್ನು ಪೂರ್ತಿ ಒರೆಸಿದರು. ನಾನು ಅದಕ್ಕೆ ಬಂಗಾರದ ಬೊಟ್ಟಿಟ್ಟು ಬಿಟ್ಟೆ. ಪುಸ್ತಕದಲ್ಲಿ ‘ಬಣ್ಣ ಇರಲಿಲ್ಲ’ ಎಂದು ಬರೆದು, ಆಮೇಲೆ ಕ್ಯಾಲ್ಕುಲೇಟರ್ ತೆಗೆದೆ.

ನೀರು ಇಳಿಯಲು ಶುರುವಾಗಿತ್ತು, ಆದರೂ ಯಾರೂ ಕಟ್ಟೆ ಇಳಿಯಲಿಲ್ಲ. ಅಂದು ಹಿಡಿದದ್ದು ಎಂಬತ್ತು, ಅದರಲ್ಲಿ ಬಣ್ಣವಿದ್ದದ್ದು ನಲವತ್ಮೂರು. ಐದೂ ಪಂಕ್ತಿಯನ್ನು ಕೂಡಿಸಿ ಒಮ್ಮೆ ಲೆಕ್ಕ ಹಾಕಿದೆ. ನಂಬಿಕೆಯಾಗದೆ ಇನ್ನೊಮ್ಮೆ ಹಾಕಿದೆ. ಆ ಕೊನೆಯ ಆಮೆಯನ್ನು ಕೆಂಪು ಎಂದು ಹಿಡಿದಿದ್ದರೆ ಏನಾಗುತ್ತಿತ್ತೆಂದೂ ನೋಡಿದೆ: ಇನ್ನೂರ ತೊಂಬತ್ತೊಂಬತ್ತು. ಅದನ್ನು ಯಾರಿಗೂ ಹೇಳದೆ, ಪುಸ್ತಕವನ್ನು ಇನಾಂದಾರರತ್ತ ತಿರುಗಿಸಿದೆ. ಅವರು ಕನ್ನಡಕ ಏರಿಸಿ, ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ ಓದಿದರು.

“ಅಂದಾಜು ಮುನ್ನೂರ ಐವತ್ತೊಂಬತ್ತು. ಕೆಳಮಿತಿ ಮುನ್ನೂರ ಒಂದು.”